ನಮ್ದೇ ಕಬ್ಬು, ನಮ್ದೇ ಬೆಲ್ಲ, ಆನ್‌ಲೈನಲ್ಲಿ ಮಾರಿದ್ರೆ ಟ್ಯಾಕ್ಸ್ ಯಾಕೆ?

ಪ್ರಶ್ನೆ: ನಮ್ದು ಪಾಂಡವಪುರ ತಾಲ್ಲೂಕು ಸರ್. ಮಾವನವರ ಹೆಸರಲ್ಲಿ ಎರಡೂವರೆ ಎಕರೆ ಕಬ್ಬಿದೆ, ಪಕ್ಕದಲ್ಲೇ ಆಲೆಮನೆ. ಮೈಸೂರಿನ ಕೆಲಸ ಬಿಟ್ಟ ಮೇಲೆ ನಾನು ಬೆಲ್ಲದ ಪುಡಿನ ಅರ್ಧ ಕೆಜಿ, ಒಂದು ಕೆಜಿ ಪೌಚ್ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಮಲ್ಲಿ ಮಾರೋಕೆ ಶುರು ಮಾಡ್ದೆ. ಆಮೇಲೆ ಎನ್‌ರೋಲ್‌ಮೆಂಟ್ ನಂಬರ್ (ಜಿಎಸ್‌ಟಿ ಇಲ್ಲದ ಸಣ್ಣ ಮಾರಾಟಗಾರರಿಗೆ ಕೊಡೋದು) ತಗೊಂಡು ಒಂದು ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸಿಗೂ ಸೇರ್ಕೊಂಡೆ, ಅಲ್ಲಿ ಕರ್ನಾಟಕದೊಳಗೆ ಮಾತ್ರ ಮಾರಾಟ. 2025-26ರಲ್ಲಿ ಅಲ್ಲಿ 6.40 ಲಕ್ಷದ ಮಾಲು ಹೋಗಿದೆ, ನನ್ನ ಅಕೌಂಟಿಗೆ ಬಂದಿರೋದು 4.70 ಲಕ್ಷ. ವಾಟ್ಸಾಪ್ ಕಡೆಯಿಂದ 7.80 ಲಕ್ಷ, ಅದರಲ್ಲಿ 60 ಸಾವಿರ ಬಿಟ್ರೆ ಎಲ್ಲಾ ಯುಪಿಐ. ಈಗ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಲ್ಲಿ ನನ್ನ ಹೆಸರಿಗೆ 6.40 ಲಕ್ಷ ತೋರಿಸ್ತಿದೆ. ರೈತರಿಗೆ ಟ್ಯಾಕ್ಸ್ ಇಲ್ಲ, ಸುಮ್ನಿರು ಅಂತಾರೆ ಮಾವ. 40 ಲಕ್ಷದವರೆಗೂ ಯಾರೂ ಕೇಳಲ್ಲ ಅಂತಾನೆ ಕಸಿನ್. ಪಕ್ಕದ್ಮನೆಯವ್ರು ಯುಪಿಐನ ಗಂಡ, ಅತ್ತೆ ಹೆಸರಿಗೆ ಹಂಚಿಬಿಡು ಅಂತಾರೆ. ಒಬ್ರು ಏಜೆಂಟ್ 8 ಸಾವಿರ ಕೊಡಿ ಜಿಎಸ್‌ಟಿ ಮಾಡಿಸ್ತೀನಿ ಅಂತ ಹಿಂದೆ ಬಿದ್ದಿದ್ದಾರೆ. ಹೊಸೂರು, ಚೆನ್ನೈ, ಹೈದರಾಬಾದಿಗೂ ಒಂದಷ್ಟು ಪಾರ್ಸೆಲ್ ಕಳಿಸಿದ್ದೀನಿ, ಎಲ್ಲಾ ಸೇರಿ 42 ಸಾವಿರ ಆಗಿರಬೋದು. ನಿದ್ದೆ ಬರ್ತಿಲ್ಲ. ಏನ್ ಮಾಡ್ಲಿ?

ಉತ್ತರ:

ಮೊದಲು ನಿದ್ದೆ ವಿಷ್ಯ ಮುಗಿಸೋಣ. ನೀವು ಕೊಟ್ಟಿರೋ ಲೆಕ್ಕದ ಪ್ರಕಾರ, ಬೇರೆ ಆದಾಯ ಇಲ್ಲ ಅಂದ್ರೆ, ನೀವು ಕಟ್ಟಬೇಕಾದ ಇನ್‌ಕಮ್ ಟ್ಯಾಕ್ಸ್ ಸೊನ್ನೆ. ನಿಮ್ಗೆ ಭಯ ಹುಟ್ಟಿಸಿರೋ 6.40 ಲಕ್ಷ ಅನ್ನೋ ಅಂಕಿ ಅಂಥ ದೊಡ್ಡ ಸಮಸ್ಯೆ ಅಲ್ಲ. ಸಮಸ್ಯೆ ಇರೋದು ಪ್ರಶ್ನೆ ಕೊನೇಲಿ ಸುಮ್ನೆ ಹೇಳಿಬಿಟ್ಟಿದ್ದೀರಲ್ಲ, ಹೊಸೂರು ಚೆನ್ನೈ ಪಾರ್ಸೆಲ್, ಆ 42 ಸಾವಿರದಲ್ಲಿ. ನನ್ನ ಹತ್ರ ಬರೋ ಆನ್‌ಲೈನ್ ಮಾರಾಟಗಾರರು, ಅಗರಬತ್ತಿಯವ್ರಿರ್ಲಿ ಸೀರೆಯವ್ರಿರ್ಲಿ, ಎಲ್ರೂ ಎಷ್ಟು ಮಾರಿದೆ ಅಂತ ಲೆಕ್ಕ ಹಾಕ್ತಾರೆಯೇ ಹೊರತು ಮಾಲು ಎಲ್ಲಿಗೆ ಹೋಯ್ತು ಅಂತ ನೋಡೋದೇ ಇಲ್ಲ. ಜಿಎಸ್‌ಟಿಗೆ ಎರಡನೇದೇ ಮುಖ್ಯ.

ಮಾವನವರ ಮಾತಿಂದ ಶುರು ಮಾಡ್ತೀನಿ, ಯಾಕಂದ್ರೆ ಮಂಡ್ಯ ಕಡೆ ಇದು ಪ್ರತಿ ಮನೇಲೂ ಕೇಳೋ ಮಾತು. ಅರ್ಧ ನಿಜ ಅದು. ಕಬ್ಬು ಬೆಳೆದು ಫ್ಯಾಕ್ಟರಿಗೋ ಆಲೆಮನೆಗೋ ಕೊಟ್ರೆ ಬರೋ ದುಡ್ಡು ಕೃಷಿ ಆದಾಯ, ಅದಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಬೆಳೆನ ಮಾರುಕಟ್ಟೆಗೆ ತರೋಕೆ ರೈತ ಸಾಮಾನ್ಯವಾಗಿ ಏನ್ ಮಾಡ್ತಾನೋ, ಭತ್ತ ಬಡಿಯೋದು, ಒಣಗಿಸೋದು, ತೂರೋದು, ಅದೂ ಕೃಷಿಯೊಳಗೇ ಬರತ್ತೆ. ಆದ್ರೆ ಕಬ್ಬಿಗೆ ಕಬ್ಬಾಗಿಯೇ ಮಾರುಕಟ್ಟೆ ಇದೆ, ಬೆಲ್ಲ ಮಾಡಿದ್ರೆ ಮಾತ್ರ ಮಾರಾಟ ಆಗತ್ತೆ ಅನ್ನೋ ಪರಿಸ್ಥಿತಿ ಇಲ್ಲ. ಅದಕ್ಕೇ ಕಬ್ಬಿನಿಂದ ಬೆಲ್ಲ ಮಾಡಿ ಸಿಗೋ ಹೆಚ್ಚುವರಿ ಲಾಭನ ವ್ಯಾಪಾರದ ಆದಾಯ ಅಂತ ನೋಡ್ತಾರೆ.

ಒಂದು ಟನ್ ಕಬ್ಬಿನ ಲೆಕ್ಕ ಹಾಕಿ ನೋಡಿ. 2025-26ರ ಎಫ್‌ಆರ್‌ಪಿ, ಅಂದ್ರೆ ಫ್ಯಾಕ್ಟರಿ ರೈತರಿಗೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕಬ್ಬಿನ ಬೆಲೆ, 10.25 ಪರ್ಸೆಂಟ್ ಸಕ್ಕರೆ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ, ಅಂದ್ರೆ ಟನ್ನಿಗೆ 3,550. ಅದೇ ಟನ್ ಗಾಣಕ್ಕೆ ಹಾಕಿ ಕೊಪ್ಪರಿಗೇಲಿ ಕಾಯಿಸಿದ್ರೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ. ಪುಡಿ ಮಾಡಿ ಪೌಚಿಗೆ ತುಂಬಿ ಕೆಜಿಗೆ 120ರಂತೆ ಮಾರಿದ್ರೆ 12 ಸಾವಿರ. ಮೊದಲ 3,550 ಹೊಲದ್ದು, ಉಳಿದಿದ್ದರಲ್ಲಿ ಸೌದೆ, ಕೂಲಿ, ಪೌಚು, ಕೊರಿಯರ್, ಕಮಿಷನ್ ಎಲ್ಲಾ ಕಳೆದು ಮಿಕ್ಕಿದ್ದು ವ್ಯಾಪಾರದ್ದು. ಒಬ್ಬನೇ ರೈತ ತನ್ನ ಕಬ್ಬಲ್ಲಿ ತಾನೇ ಬೆಲ್ಲ ಮಾಡಿ ಮಾರಿದ್ರೆ ಇನ್‌ಕಮ್ ಟ್ಯಾಕ್ಸ್ ರೂಲ್ಸಿನ 7ನೇ ನಿಯಮ ಹೇಳೋದೂ ಇದನ್ನೇ, ಕಬ್ಬಿನ ಮಾರುಕಟ್ಟೆ ಬೆಲೆ ಕಳೆದು ಉಳಿದ ಲಾಭಕ್ಕೆ ಲೆಕ್ಕ.

ನಿಮ್ಮ ಮನೇಲಿ ಇನ್ನೂ ಸುಲಭ. ಜಮೀನು ಮಾವನವರದ್ದು, ವ್ಯಾಪಾರ ನಿಮ್ದು. ಅವ್ರಿಂದ ನೀವು ಕಬ್ಬು ಅಥವಾ ಬೆಲ್ಲ ಕೊಂಡ್ಕೊಳ್ತಿದ್ದೀರಿ ಅಂತ ಬರೆದಿಡಿ, ಮಾರ್ಕೆಟ್ ರೇಟಿಗೆ, ಮತ್ತೆ ಆ ದುಡ್ಡು ನಿಜವಾಗ್ಲೂ ಬ್ಯಾಂಕಲ್ಲಿ ಅವ್ರಿಗೆ ಹೋಗ್ಲಿ. ಮನೆಯೊಳಗೆ ಎಂಥಾ ಬಿಲ್ಲು ಅಂತ ನಗ್ತಾರೆ ಎಲ್ರೂ, ಆದ್ರೆ ನಾಳೆ ಯಾರಾದ್ರೂ ಕೇಳಿದಾಗ ಈ ಎಂಟ್ರಿಗಳೇ ಮಾತಾಡೋದು. ಅವ್ರ ಕಬ್ಬಿನ ಆದಾಯ ಅವ್ರ ಹತ್ರ ಕೃಷಿಯಾಗಿ ಉಳಿಯತ್ತೆ, ನಿಮ್ದು ಪೂರ್ತಿ ವ್ಯಾಪಾರ. ಇದರಿಂದ ಇನ್ನೊಂದು ಅನುಕೂಲ ಇದೆ. ಕೃಷಿ ಆದಾಯ 5 ಸಾವಿರ ದಾಟಿದವರು ಐಟಿಆರ್-4 ಅನ್ನೋ ಸುಲಭದ ರಿಟರ್ನ್ ಫಾರಂ ಹಾಕೋ ಹಾಗಿಲ್ಲ, ಉದ್ದುದ್ದ ಐಟಿಆರ್-3ಕ್ಕೇ ಹೋಗ್ಬೇಕು. ನಿಮ್ಗೆ ಆ ಕಾಟ ಇಲ್ಲ.

ಈಗ 6.40 ಲಕ್ಷದ ಕಥೆ. ಮಾರ್ಕೆಟ್‌ಪ್ಲೇಸಿನವ್ರು ನಿಮ್ಮ ಮಾರಾಟದ ಮೇಲೆ ಟಿಡಿಎಸ್ ಹಿಡೀತಾರೆ (ಇನ್‌ಕಮ್ ಟ್ಯಾಕ್ಸಿಗೆ ಅಂತ ಮೊದಲೇ ಕಳೆದು ಸರ್ಕಾರಕ್ಕೆ ಕಟ್ಟೋ ದುಡ್ಡು), 2024ರ ಅಕ್ಟೋಬರ್ 1ರಿಂದ ಅದು 0.1 ಪರ್ಸೆಂಟ್, ಅದಕ್ಕೂ ಮುಂಚೆ 1 ಪರ್ಸೆಂಟ್ ಇತ್ತು. ವರ್ಷಕ್ಕೆ 5 ಲಕ್ಷದೊಳಗೆ ಮಾರೋ ವ್ಯಕ್ತಿಗಳು ಪ್ಯಾನ್ ಕೊಟ್ಟಿದ್ರೆ ಹಿಡಿಯಲ್ಲ, ನೀವು ದಾಟಿದ್ದೀರಿ, ಹಂಗಾಗಿ ಒಟ್ಟು 640 ರೂಪಾಯಿ ಆಸುಪಾಸು ಹೋಗಿರತ್ತೆ. ಅವ್ರು ಇಲಾಖೆಗೆ ವರದಿ ಮಾಡೋದು ಗಿರಾಕಿ ಕೊಟ್ಟ ಪೂರ್ತಿ ಬೆಲೇನ. ಕಮಿಷನ್ನು, ಶಿಪ್ಪಿಂಗು, ಜಾಹೀರಾತಿನ ಚಾರ್ಜು ಕಳೆದು ನಿಮ್ಗೆ ಬಂದಿದ್ದು 4.70 ಲಕ್ಷ, ನಡುವಿನ 1.70 ಲಕ್ಷ ನಿಮ್ಮ ಖರ್ಚು. ಆದ್ರೆ ಖರ್ಚು ಅಂದ ಮಾತ್ರಕ್ಕೆ ಅದನ್ನ ಮಾರಾಟದ ಲೆಕ್ಕದಿಂದ ಬಿಡೋ ಹಾಗಿಲ್ಲ ನೋಡಿ. ರಿಟರ್ನಲ್ಲಿ 4.70 ಲಕ್ಷವೇ ನನ್ನ ಟರ್ನೋವರ್ ಅಂತ ಹಾಕಿದ್ರೆ ಎಐಎಸ್ (ಇಲಾಖೆ ವೆಬ್‌ಸೈಟಲ್ಲಿ ನಿಮ್ಮ ಹೆಸರಿಗೆ ಕಾಣೋ ವಾರ್ಷಿಕ ಮಾಹಿತಿ ಪಟ್ಟಿ) ಜೊತೆ ತಾಳೆ ಆಗಲ್ಲ, ಮೆಸೇಜು ಬರೋದು ಅವಾಗ್ಲೇ. ಗಿರಾಕಿ ವಾಪಸ್ ಕಳಿಸಿದ ಮಾಲು ಮಾತ್ರ ಟರ್ನೋವರಿಂದ ಕಳೀಬೋದು. ಸೆಲ್ಲರ್ ಪ್ಯಾನಲಲ್ಲಿ ಸೆಟಲ್‌ಮೆಂಟ್ ರಿಪೋರ್ಟ್ ಅಂತ ಇರತ್ತೆ, ತಿಂಗಳು ತಿಂಗಳು ಇಳಿಸಿ ಇಟ್ಕೊಳ್ಳಿ, ವರ್ಷ ಕಳೆದ ಮೇಲೆ ಹುಡುಕೋದು ಬಹಳ ಕಷ್ಟ.

ಹಂಗಾದ್ರೆ ಒಟ್ಟು ವ್ಯಾಪಾರ 14.20 ಲಕ್ಷ. 44ಎಡಿ ಅನ್ನೋ ಅಂದಾಜು ಲಾಭದ ಸ್ಕೀಮಲ್ಲಿ ಪುಸ್ತಕ ಬರೆಯೋ ಗೋಜಿಲ್ಲ, ಬ್ಯಾಂಕ್ ಅಥವಾ ಯುಪಿಐನಲ್ಲಿ ಬಂದಿದ್ದಕ್ಕೆ ಕನಿಷ್ಠ 6 ಪರ್ಸೆಂಟ್, ಕ್ಯಾಶಿಗೆ 8 ಪರ್ಸೆಂಟ್ ಲಾಭ ಅಂತ ತೋರಿಸಿದ್ರೆ ಸಾಕು, 2 ಕೋಟಿ ಟರ್ನೋವರ್‌ವರೆಗೆ ನಡೆಯತ್ತೆ. ನಿಮ್ಮ 13.60 ಲಕ್ಷಕ್ಕೆ 81,600, ಕ್ಯಾಶ್ 60 ಸಾವಿರಕ್ಕೆ 4,800, ಒಟ್ಟು 86,400. ಹೊಸ ಪದ್ಧತೀಲಿ 4 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ, ರಿಬೇಟ್ ಸೇರಿದ್ರೆ 12 ಲಕ್ಷದ ಆದಾಯದವರೆಗೂ ಕಟ್ಟೋದೇನಿಲ್ಲ. ಅಂದ್ಮೇಲೆ 6 ಪರ್ಸೆಂಟಿಗೇ ಯಾಕೆ ಅಂಟ್ಕೋಬೇಕು ಅನ್ನೋದು ನನ್ನ ಅಭಿಪ್ರಾಯ. ನಿಜವಾದ ಲಾಭ ಎರಡೂವರೆ ಲಕ್ಷ ಇದ್ರೆ ಎರಡೂವರೆ ಲಕ್ಷವೇ ತೋರಿಸಿ, ಟ್ಯಾಕ್ಸ್ ಆಗ್ಲೂ ಸೊನ್ನೆ, ನಾಳೆ ಪೌಚ್ ಸೀಲಿಂಗ್ ಮಿಷಿನ್ನಿಗೋ ಮುದ್ರಾ ಸಾಲಕ್ಕೋ ಬ್ಯಾಂಕಿಗೆ ಹೋದಾಗ 86 ಸಾವಿರದ ಆದಾಯ ಹಿಡ್ಕೊಂಡು ಹೋದ್ರೆ ಮ್ಯಾನೇಜರ್ ಮುಖ ಹೆಂಗಿರತ್ತೆ ಅಂತ ನಾನ್ ಹೇಳಬೇಕಾಗಿಲ್ಲ. ನಿಮ್ಮ ಮಟ್ಟದ ಆದಾಯಕ್ಕೆ ರಿಟರ್ನ್ ಹಾಕೋದು ಕಡ್ಡಾಯ ಅಲ್ಲ, ಆದ್ರೂ ಹಾಕಿ. ಆ 640 ವಾಪಸ್ ಬರೋದಕ್ಕಿಂತ ಹೆಚ್ಚಾಗಿ, ಇಲಾಖೆ ಹತ್ರ ಇರೋ ಅಂಕಿಗೆ ನಿಮ್ಮ ಕಡೆಯಿಂದ ಒಂದು ಉತ್ತರ ಇರತ್ತೆ. ಅಂದ ಹಾಗೆ 2026ರ ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್‌ಗಳೆಲ್ಲಾ ಬದಲಾಗಿವೆ, 2025-26ರ ಆದಾಯಕ್ಕೆ ಮಾತ್ರ ಹಳೇ ಕಾಯ್ದೇನೇ.

ಇನ್ನು ಜಿಎಸ್‌ಟಿ. ಇದು ಸ್ವಲ್ಪ ನಿಧಾನಕ್ಕೆ ಓದಿ.

ಕಸಿನ್ ಹೇಳಿದ 40 ಲಕ್ಷ ಸುಳ್ಳಲ್ಲ. ಬರೀ ಸರಕು ಮಾರೋರಿಗೆ ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಮಿತಿ 40 ಲಕ್ಷವೇ, ಸರ್ವೀಸಿಗೆ 20 ಲಕ್ಷ. ಆದ್ರೆ ಆ ಮಿತಿ ರಾಜ್ಯದೊಳಗೆ ಮಾರೋರಿಗೆ. ಟ್ಯಾಕ್ಸ್ ಇರೋ ಮಾಲನ್ನ ಬೇರೆ ರಾಜ್ಯಕ್ಕೆ ಮಾರಿದ್ರೆ ಮೊದಲ ಪಾರ್ಸೆಲ್ಲಿಂದಲೇ ರಿಜಿಸ್ಟ್ರೇಷನ್ ಕಡ್ಡಾಯ. ಅತ್ತಿಬೆಲೆಗೆ ಕಳಿಸಿದ್ರೆ ಏನೂ ಇಲ್ಲ, ಅಲ್ಲಿಂದ ಕೂಗಳತೆಯಲ್ಲಿರೋ ಹೊಸೂರಿಗೆ ಕಳಿಸಿದ್ರೆ ತಮಿಳ್ನಾಡು.

ಬೆಲ್ಲಕ್ಕೆ ಜಿಎಸ್‌ಟಿ ಇಲ್ವಲ್ಲ ಅಂತ ಕೇಳ್ತೀರಿ. ಬಿಡಿ ಬೆಲ್ಲಕ್ಕೆ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ್ದಕ್ಕೆ 5 ಪರ್ಸೆಂಟ್ ಇದೆ. ಲೇಬಲ್ ಕಿತ್ತು ಕಳಿಸಿದ್ರೆ ಆಯ್ತಲ್ಲ ಅನ್ನೋ ಐಡಿಯಾನೂ ನಮ್ಮ ಕಡೆ ಓಡಾಡ್ತಿದೆ, ಅದು ನಡೆಯಲ್ಲ. ಅಳತೆ ಮತ್ತು ತೂಕದ ಕಾಯ್ದೆ ಪ್ರಕಾರ, ಕೊಳ್ಳೋರು ಎದುರಿಗೆ ಇಲ್ಲದೇ ಇರೋವಾಗ ಮೊದಲೇ ತೂಗಿ ಕಟ್ಟಿಟ್ಟಿದ್ದೆಲ್ಲಾ ಪ್ಯಾಕ್ ಆದ ಮಾಲೇ, 25 ಕೆಜಿವರೆಗಿನ ಚಿಲ್ಲರೆ ಪ್ಯಾಕೆಟ್ ಅಂದ್ರೆ ಲೇಬಲ್ ಹಾಕಲೇಬೇಕಾದ ಮಾಲು, ಹಾಕ್ದೇ ಇದ್ರೂ ಟ್ಯಾಕ್ಸ್ ಅದಕ್ಕೆ ಬರತ್ತೆ. ಆಲೆಮನೆ ಬಾಗಿಲಿಗೆ ಬಂದೋರಿಗೆ ಅಚ್ಚು ಬೆಲ್ಲ ತಕ್ಕಡೀಲಿ ತೂಗಿ ಕೊಟ್ರೆ ಬಿಡಿ ಮಾಲು. ಆನ್‌ಲೈನಲ್ಲಿ ಗಿರಾಕಿ ಎದುರಿಗೆ ಇರೋ ಪ್ರಶ್ನೆನೇ ಇಲ್ಲ, ಹಂಗಾಗಿ ನಿಮ್ಮ ಎಲ್ಲಾ ಪೌಚೂ 5 ಪರ್ಸೆಂಟಿನ ಮಾಲೇ. ರೈತರಿಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಡ ಅನ್ನೋ ವಿನಾಯ್ತಿನೂ ಹೊಲದಲ್ಲಿ ಬೆಳೆದಿದ್ದಕ್ಕೆ, ಪೌಚಲ್ಲಿ ತುಂಬಿದ್ದಕ್ಕಲ್ಲ.

ಈಗ ನಿಮ್ಮ ಎನ್‌ರೋಲ್‌ಮೆಂಟ್ ನಂಬರ್. ಮುಂಚೆ ಮಾರ್ಕೆಟ್‌ಪ್ಲೇಸಲ್ಲಿ ಒಂದು ರೂಪಾಯಿ ಮಾಲು ಮಾರಬೇಕಂದ್ರೂ ಜಿಎಸ್‌ಟಿ ನಂಬರ್ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣೋರಿಗೆ ಸಡಿಲ ಮಾಡಿದ್ರು: ಮಿತಿಯೊಳಗಿದ್ರೆ ಪ್ಯಾನು, ವಿಳಾಸ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಒಂದೇ ರಾಜ್ಯದಲ್ಲಿ ಮಾರ್ಬೋದು. ಒಳ್ಳೇ ಅನುಕೂಲ. ಆದ್ರೆ ಅದರ ಷರತ್ತು ಏನಂದ್ರೆ ಆ ವ್ಯಕ್ತಿ ಹೊರರಾಜ್ಯಕ್ಕೆ ಸರಕು ಮಾರಾಟವನ್ನೇ ಮಾಡಬಾರ್ದು. ಮಾರ್ಕೆಟ್‌ಪ್ಲೇಸ್ ಮೂಲಕ ಮಾಡಬಾರ್ದು ಅಂತಷ್ಟೇ ಅಲ್ಲ, ಯಾವ ಮೂಲಕನೂ. ನೀವು ವಾಟ್ಸಾಪಲ್ಲಿ ಆರ್ಡರ್ ತಗೊಂಡು ಚೆನ್ನೈಗೆ ಕಳಿಸಿದ ಎರಡು ಕೆಜಿ ಬೆಲ್ಲದ ಪುಡಿ, ಏನೂ ಸಂಬಂಧ ಇಲ್ಲದ ಮಾರ್ಕೆಟ್‌ಪ್ಲೇಸ್ ವ್ಯಾಪಾರದ ವಿನಾಯ್ತಿನೂ ಕೆಡಿಸತ್ತೆ. ಬಹಳ ಜನ ಎಡವೋದು ಇಲ್ಲೇ, ಯಾಕಂದ್ರೆ ಎರಡನ್ನೂ ಬೇರೆ ಬೇರೆ ವ್ಯಾಪಾರ ಅಂದ್ಕೊಂಡಿರ್ತಾರೆ. ಕಾನೂನು ನೋಡೋದು ಒಂದು ಪ್ಯಾನ್, ಒಬ್ಬ ವ್ಯಾಪಾರಿ.

ಹಂಗಿದ್ಮೇಲೆ ದಾರಿ ಏನು. ಒಂದು, ಇವತ್ತಿಂದ ಹೊರಗಡೆ ಪಾರ್ಸೆಲ್ ಪೂರ್ತಿ ನಿಲ್ಸಿ, ಕರ್ನಾಟಕದೊಳಗೆ ಮಾತ್ರ ಮಾರ್ಕೊಂಡು ಎನ್‌ರೋಲ್‌ಮೆಂಟ್ ನಂಬರಲ್ಲೇ ಇರೋದು. ರಿಟರ್ನ್ ತಲೆನೋವಿಲ್ಲ, ಖರ್ಚಿಲ್ಲ. ವ್ಯಾಪಾರ ವರ್ಷಕ್ಕೆ ಹತ್ತು ಹದಿನೈದು ಲಕ್ಷದಲ್ಲೇ ಇರ್ಲಿ ಅನ್ನೋರಿಗೆ ಇದು ಸರಿ. ಆದ್ರೆ ನಿಯತ್ತಾಗಿ ನಿಲ್ಸೋದು ಕಷ್ಟ ಕಣಮ್ಮ, ಹೈದರಾಬಾದಲ್ಲಿರೋ ನಮ್ಮೂರ ಹುಡುಗಿ ಹಬ್ಬಕ್ಕೆ ಐದು ಕೆಜಿ ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ? ಮತ್ತೆ ಕಳೆದ ವರ್ಷದ ಪಾರ್ಸೆಲ್ ಪ್ರಶ್ನೆ ಇದರಿಂದ ಮಾಯ ಆಗಲ್ಲ.

ಕಾಂಪೊಸಿಷನ್ ಸ್ಕೀಮ್, ಅಂದ್ರೆ ಟರ್ನೋವರ್ ಮೇಲೆ ಕಮ್ಮಿ ದರದಲ್ಲಿ ಜಿಎಸ್‌ಟಿ ಕಟ್ಟೋ ಸ್ಕೀಮ್, ಅಂತ ಯಾರಾದ್ರೂ ಹೇಳಿದ್ರೆ, ಸದ್ಯಕ್ಕೆ ಕೈ ಬಿಡಿ. 1 ಪರ್ಸೆಂಟ್ ಅಂತ ಕೇಳೋಕೆ ಚೆನ್ನಾಗಿದೆ, ಒಂದೂವರೆ ಕೋಟಿವರೆಗೂ ಸಿಗತ್ತೆ, ಆದ್ರೆ ಅದರಲ್ಲೂ ಹೊರರಾಜ್ಯಕ್ಕೆ ಮಾರೋ ಹಾಗಿಲ್ಲ, ಖರೀದಿ ಮೇಲೆ ಕಟ್ಟಿದ ಟ್ಯಾಕ್ಸಿಗೆ ಕ್ರೆಡಿಟ್ಟೂ (ನಾವು ಕಟ್ಟೋ ಟ್ಯಾಕ್ಸಲ್ಲಿ ಅದನ್ನ ಕಳ್ಕೊಳ್ಳೋ ಅವಕಾಶ) ಇಲ್ಲ, ಗಿರಾಕಿ ಹತ್ರ ವಸೂಲಿ ಮಾಡೋ ಹಾಗೂ ಇಲ್ಲ. ರಾಜ್ಯದೊಳಗೇ 40 ಲಕ್ಷ ದಾಟಿದೋರಿಗೆ ಅದು.

ಇನ್ನೊಂದು ದಾರಿ ರೆಗ್ಯುಲರ್ ರಿಜಿಸ್ಟ್ರೇಷನ್, ಅಂದ್ರೆ ಮಾಮೂಲಿ ಜಿಎಸ್‌ಟಿ ನಂಬರ್. ನಿಮ್ಮ ಪ್ರಶ್ನೆ ಓದಿದ್ರೆ ನೀವು ಬೆಳೆಯೋ ಯೋಚನೇಲಿದ್ದೀರಿ ಅನ್ಸತ್ತೆ, ಹಂಗಿದ್ರೆ ನಾನು ಇದನ್ನೇ ಹೇಳ್ತೀನಿ. 5 ಪರ್ಸೆಂಟ್ ಕೈಯಿಂದ ಹೋಗತ್ತಲ್ಲ ಅಂತ ಹೆದರೋಕೆ ಮುಂಚೆ ಮಾರ್ಕೆಟ್‌ಪ್ಲೇಸಿನ ಲೆಕ್ಕನೇ ನೋಡಿ. 6.40 ಲಕ್ಷದೊಳಗೆ ಟ್ಯಾಕ್ಸ್ ಸೇರಿದೆ ಅಂದ್ಕೊಂಡ್ರೆ ನಿಮ್ಮ ಜಿಎಸ್‌ಟಿ ಸುಮಾರು 30,500. ಅವ್ರು ಹಿಡ್ಕೊಂಡ 1.70 ಲಕ್ಷದ ಕಮಿಷನ್ನು ಶಿಪ್ಪಿಂಗಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಕೂತಿದೆ, ಅದು ಸುಮಾರು 25,900. ಈಗ ನೀವು ಆ 25,900 ಸುಮ್ನೆ ಕಟ್ಕೊಂಡು ಬರ್ತಿದ್ದೀರಿ, ರಿಜಿಸ್ಟ್ರೇಷನ್ ಇದ್ರೆ ಅದು ಕ್ರೆಡಿಟ್ ಆಗಿ ವಾಪಸ್ ಬರತ್ತೆ, ಕೈಯಿಂದ ಹೋಗೋದು ಸುಮಾರು 4,600. ಪೌಚು, ಡಬ್ಬಗಳ ಮೇಲಿನ ಜಿಎಸ್‌ಟಿನೂ ಸೇರಿದ್ರೆ ಇನ್ನೂ ಕಮ್ಮಿ. ವಾಟ್ಸಾಪ್ ಮಾರಾಟದಲ್ಲಿ ಇಷ್ಟು ಕ್ರೆಡಿಟ್ ಸಿಗಲ್ಲ, ಅಲ್ಲಿ 7.80 ಲಕ್ಷಕ್ಕೆ 37 ಸಾವಿರದ ಹತ್ರ ಬರತ್ತೆ, ಕೊರಿಯರ್ ಬಿಲ್ಲಿನದ್ದು ಕಳೆದು ಉಳಿದಿದ್ದು ಕಟ್ಟಬೇಕು, ಇಲ್ಲಾ ಪೌಚಿನ ಬೆಲೆ ನಾಲ್ಕೈದು ರೂಪಾಯಿ ಏರಿಸ್ಬೇಕು. ಬಿಡಿ ಬೆಲ್ಲನೂ ಮಾರ್ತಿದ್ರೆ ಆ ಪಾಲಿನ ಕ್ರೆಡಿಟ್ ಬಿಟ್ಕೊಡಬೇಕು, ಅದನ್ನ ಮರೀಬೇಡಿ. ಮಾರ್ಕೆಟ್‌ಪ್ಲೇಸಿನವ್ರು ಆಗ 0.5 ಪರ್ಸೆಂಟ್ ಟಿಸಿಎಸ್ (ಜಿಎಸ್‌ಟಿ ಲೆಕ್ಕಕ್ಕೆ ಮೊದಲೇ ಕಳೆದಿಡೋ ದುಡ್ಡು) ಹಿಡೀತಾರೆ, ಅದೂ ನಿಮ್ಮ ಜಿಎಸ್‌ಟಿ ಲೆಡ್ಜರಿಗೇ ಬರತ್ತೆ.

ರಿಸ್ಕ್ ಇರೋದು ಟ್ಯಾಕ್ಸಲ್ಲಲ್ಲ, ರಿಟರ್ನಲ್ಲಿ. ಮೂರು ತಿಂಗಳಿಗೊಮ್ಮೆ ಹಾಕೋ ಆಯ್ಕೆ ಸಣ್ಣೋರಿಗಿದೆ, ಅದನ್ನ ತಗೊಳ್ಳಿ, ಆದ್ರೆ ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಆಲೆಮನೆ ನಿಂತಿರೋ ಸೀಸನ್ನಲ್ಲಿ ವ್ಯಾಪಾರ ಸೊನ್ನೆ ಇದ್ರೂ ರಿಟರ್ನ್ ಹಾಕ್ಲೇಬೇಕು, ತಡ ಆದ್ರೆ ಸೊನ್ನೆ ರಿಟರ್ನಿಗೂ ದಿನಕ್ಕೆ 20 ರೂಪಾಯಿ, ಇಲ್ಲಾಂದ್ರೆ ದಿನಕ್ಕೆ 50. ನಂಬರ್ ತಗೊಂಡು ಮರೆತುಬಿಟ್ಟು, ರಿಜಿಸ್ಟ್ರೇಷನ್ ಕ್ಯಾನ್ಸಲ್ ಆಗಿ, ಲೇಟ್ ಫೀ ಬೆಟ್ಟದಷ್ಟು ಆದ್ಮೇಲೆ ಫೈಲ್ ಹಿಡ್ಕೊಂಡು ಬರೋರನ್ನ ನಾನು ಪ್ರತಿ ವರ್ಷ ನೋಡ್ತೀನಿ. ವ್ಯಾಪಾರ ನಿಲ್ಸಿದ್ರೆ ನೀವೇ ಅರ್ಜಿ ಹಾಕಿ ಕ್ಯಾನ್ಸಲ್ ಮಾಡಿಸಿ, ತಾನಾಗೇ ಸಾಯತ್ತೆ ಅಂತ ಬಿಡ್ಬೇಡಿ.

ಆ ಹಳೇ 42 ಸಾವಿರದ ಪಾರ್ಸೆಲ್ ಬಗ್ಗೆ. ಮೊದಲನೇದು ಹೊರಗೆ ಹೋದ 30 ದಿನದೊಳಗೆ ನೀವು ರಿಜಿಸ್ಟ್ರೇಷನ್ನಿಗೆ ಅರ್ಜಿ ಹಾಕಬೇಕಿತ್ತು. ಕಟ್ಟುನಿಟ್ಟಾಗಿ ನೋಡಿದ್ರೆ ಆ ದಿನದಿಂದ ರಾಜ್ಯದೊಳಗೆ ಮಾರಿದ ಪೌಚಿಗೂ ಟ್ಯಾಕ್ಸ್ ಕೇಳ್ಬೋದು, ಬರೀ 42 ಸಾವಿರಕ್ಕಲ್ಲ. ಸಿಕ್ಕಾಕ್ಕೊಂಡ ಮೇಲೆ ಕಟ್ಟೋದಾದ್ರೆ ಟ್ಯಾಕ್ಸು, ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ಮೇಲೆ 10 ಸಾವಿರ ಅಥವಾ ಟ್ಯಾಕ್ಸಿನಷ್ಟೇ ದಂಡ, ಯಾವ್ದು ಜಾಸ್ತಿಯೋ ಅದು. ಮೋಸದ ಉದ್ದೇಶ ಇಲ್ಲದೇ, ನೋಟಿಸ್ ಬರೋಕೆ ಮುಂಚೆನೇ ಟ್ಯಾಕ್ಸು ಬಡ್ಡಿ ಕಟ್ಟಿದ್ರೆ ದಂಡದ ಭಾಗ ತಪ್ಪತ್ತೆ. ಹಂಗಾಗಿ ಮೊದಲ ಪಾರ್ಸೆಲ್ಲಿನ ತಾರೀಖು ಕೊರಿಯರ್ ರಸೀದಿಯಿಂದ ಹುಡುಕಿ, ಅಲ್ಲಿಂದ ಮುಂದಿನ ಮಾರಾಟದ ಪಟ್ಟಿ ಮಾಡಿ, ನಿಮ್ಮ ಹತ್ರದ ಸಿಎ ಅಥವಾ ಟ್ಯಾಕ್ಸ್ ಪ್ರಾಕ್ಟೀಷನರ್ ಮುಂದೆ ಇಡಿ. ಇದನ್ನ ಫೋನಲ್ಲಿ ಕೇಳಿ ಮಾಡೋಕೆ ಹೋಗ್ಬೇಡಿ, ಕಾಗದ ನೋಡಿಯೇ ಮಾಡೋ ಕೆಲ್ಸ.

ಪಕ್ಕದ್ಮನೆಯವ್ರ ಯುಪಿಐ ಹಂಚೋ ಸಲಹೆ ಕೇಳಲೇಬೇಡಿ. ಆ ಭಯ ಎಲ್ಲಿಂದ ಬಂತು ಅಂತ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಡೇಟಾ ಇಟ್ಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್ ಮುಂದೆ ಯುಪಿಐ ಇಲ್ಲ, ಕ್ಯಾಶ್ ಮಾತ್ರ ಅಂತ ಬೋರ್ಡ್ ಬಿದ್ವು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತಾಡಿ ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ ಅಂದ್ರು. ಯುಪಿಐಗೆ ಅಂತ ಬೇರೆ ಟ್ಯಾಕ್ಸ್ ಯಾವ್ದೂ ಇಲ್ಲ, ಅದು ಬರೀ ಜಾಡು. ನಿಮ್ಮ ಗಂಡ, ಅತ್ತೆ ಅಕೌಂಟಿಗೆ ಹಂಚಿದ್ರೆ ಅವ್ರ ಹೆಸರಲ್ಲೂ ಲೆಕ್ಕ ಇಲ್ಲದ ವ್ಯಾಪಾರ ಕಾಣಿಸತ್ತೆ, ನೀವು ಮುಚ್ಚಿಡೋಕೆ ಹೊರಟಿದ್ರಿ ಅನ್ನೋಕೆ ಅದೇ ಸಾಕ್ಷಿ ಆಗತ್ತೆ, ಮೇಲೆ ಹೇಳಿದ ದಂಡ ತಪ್ಪಿಸ್ಕೊಳ್ಳೋ ದಾರಿನೂ ಮುಚ್ಚಿಹೋಗತ್ತೆ. ಅದರ ಬದ್ಲು ಒಂದು ಕರೆಂಟ್ ಅಕೌಂಟ್ ತೆಗೆದು ವ್ಯಾಪಾರದ ಕ್ಯೂಆರ್ ಅದಕ್ಕೇ ಕಟ್ಟಿ. ಈಗ ನಿಮ್ಮ ಸೇವಿಂಗ್ಸ್ ಅಕೌಂಟಲ್ಲಿ ಬೆಲ್ಲದ ದುಡ್ಡು, ಚೀಟಿ ದುಡ್ಡು, ತಮ್ಮ ಕಳಿಸಿದ್ದು ಎಲ್ಲಾ ಕಲಸಿಹೋಗಿರತ್ತೆ, ಎಲ್ಲಾನೂ ವ್ಯಾಪಾರ ಅಲ್ಲ ಅಂತ ತೋರಿಸೋ ಹೊಣೆ ನಿಮ್ಮ ಮೇಲೇ ಬೀಳತ್ತೆ.

ಕೊನೆಗೆ ಏಜೆಂಟ್. ಜಿಎಸ್‌ಟಿ ರಿಜಿಸ್ಟ್ರೇಷನ್ನಿಗೆ ಸರ್ಕಾರಿ ಫೀಸ್ ಇಲ್ಲ, ಆ 8 ಸಾವಿರ ಪೂರ್ತಿ ಅವ್ರ ಕೂಲಿ. ಕೊಡೋದಾದ್ರೆ ಬರೀ ನಂಬರ್ ಮಾಡಿಸೋಕಲ್ಲ, ಒಂದು ವರ್ಷದ ರಿಟರ್ನೂ ಸೇರಿ ಅಂತ ಬರೆಸ್ಕೊಂಡು ಕೊಡಿ, ಲಾಗಿನ್ನಿಗೆ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಹಾಕಿಸಿ. ಏಜೆಂಟ್ ನಂಬರ್ ಹಾಕ್ಸಿ ಆಮೇಲೆ ಓಟಿಪಿಗೆ ಅವ್ರ ಹಿಂದೆ ಅಲೆಯೋದು ಬೇಡ. ಮನೆ ಮಾವನವರ ಹೆಸರಲ್ಲಿದ್ರೆ ಇತ್ತೀಚಿನ ಸೆಸ್ಕ್ ಕರೆಂಟ್ ಬಿಲ್ಲು ಅಥವಾ ಕಂದಾಯದ ರಸೀದಿ, ಜೊತೆಗೆ ಅವ್ರ ಸಹಿ ಇರೋ ಒಪ್ಪಿಗೆ ಪತ್ರ ಬೇಕು. ಬಿಲ್ಲಲ್ಲಿರೋ ಹೆಸರು, ಒಪ್ಪಿಗೆ ಪತ್ರದ ಹೆಸರು ಒಂದೇ ಇದ್ಯಾ ನೋಡ್ಕೊಳ್ಳಿ. ನಮ್ಮ ಹಳ್ಳಿ ಮನೆಗಳಲ್ಲಿ ಮೀಟರ್ ಇನ್ನೂ ತಾತನ ಹೆಸರಲ್ಲೇ ಇರತ್ತೆ, ಅರ್ಜಿ ವಾಪಸ್ ಬರೋದು ಹೆಚ್ಚಾಗಿ ಅಲ್ಲೇ.